ಮುನ್ಸೂಚನೆ 12 ನಾಟ್, ನೀರು 5 ಡಿಗ್ರಿ: ವಸಂತದಲ್ಲಿ ದೊಡ್ಡ ಸರೋವರಕ್ಕೆ ಹಾಯಿದೋಣಿ ಇಳಿಸುವ ಮುನ್ನ

ಎಳೆಗಾಳಿ

ನಮ್ಮ ದೋಣಿ 7.5 ಮೀಟರ್ ಉದ್ದದ್ದು, ಫಿನ್ ಕೀಲ್ (ತಳದಿಂದ ನೀರೊಳಗೆ ಇಳಿದ ಭಾರದ ರೆಕ್ಕೆ), ಒಂದೇ ಮಾಸ್ಟ್ (ಹಾಯಿಕಂಬ). ಮೇನ್‌ಸೈಲ್‌ಗೆ (ಮುಖ್ಯ ಹಾಯಿಗೆ) ಎರಡು ರೀಫ್ ಸಾಲು (ಗಾಳಿ ಹೆಚ್ಚಾದಾಗ ಹಾಯಿಯ ಕೆಳಭಾಗ ಮಡಿಸಿ ಕಟ್ಟಿ ಚಿಕ್ಕದಾಗಿಸುವ ಜಾಗ), ಮುಂದೆ ಫರ್ಲರ್ ಮೇಲೆ ಸುತ್ತಿಕೊಳ್ಳುವ ಜಿಬ್ (ಮುಂದಿನ ಹಾಯಿ). ಹಿಂದೆ 6 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ದೋಣಿಯಲ್ಲಿ ಇಬ್ಬರೇ. ಸರೋವರ ಅಗಲಕ್ಕೆ 40 ಕಿ.ಮೀ., ಉದ್ದಕ್ಕೆ 120 ಕಿ.ಮೀ. ಮಂಜುಗಡ್ಡೆ ಕರಗಿ ಕೆಲವೇ ವಾರಗಳಾಗಿವೆ. ದಡದ ಬಳಿ ನೀರು 7 ಡಿಗ್ರಿ, ನಡುವೆ ಇನ್ನೂ 4ರ ಆಸುಪಾಸು. ಹಗಲಿನ ಹವೆ ಮಾತ್ರ ಆಗಲೇ 18–20 ಡಿಗ್ರಿಗೆ ಏರುತ್ತಿದೆ.

ಬೇಸಿಗೆಯಲ್ಲಿ ಹೆಚ್ಚುಕಡಿಮೆ ಸರಿಹೋಗುವ ಮುನ್ಸೂಚನೆ ಈ ತಿಂಗಳುಗಳಲ್ಲಿ ಕೈಕೊಡುತ್ತದೆ. ಆಪ್‌ನಲ್ಲಿ 12 ನಾಟ್, ಗಸ್ಟ್ (ದಿಢೀರ್ ಹೊಡೆತ) 20 ಎಂದಿರುತ್ತದೆ (1 ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.). ನೀರಿನ ಮೇಲೆ ನೋಡಿದರೆ 3–4 ನಾಟ್, ಹಾಯಿ ಜೋತುಬಿದ್ದಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ 22.

ಗೊತ್ತಾಗಬೇಕಾದದ್ದು ಮೂರು. ಈ ವ್ಯತ್ಯಾಸ ಯಾಕೆ, ಹೊರಡುವ ಮುನ್ನವೇ ಅದನ್ನು ಊಹಿಸಲು ಆಗುತ್ತದೆಯೇ? ಇಂಥ ಗಾಳಿಗೆ ಮೊದಲ ರೀಫ್ ಎಷ್ಟು ನಾಟ್‌ಗೆ ಕಟ್ಟಬೇಕು? ಇಬ್ಬರೇ ಇರುವಾಗ ದಡದಿಂದ ಎಷ್ಟು ದೂರ ಹೋಗಬಹುದು?

ತೆಂಕಣಗಾಳಿ

ಆಪ್ ಹೇಳುವ ಗಾಳಿ ಅಲ್ಲೇ ಇದೆ. ನಿಮ್ಮ ತಲೆಯ ಮೇಲೆ ಹಾದುಹೋಗುತ್ತಿದೆ, ನೀರಿಗೆ ಇಳಿಯುತ್ತಿಲ್ಲ.

ನೀರಿನಿಂದ ಶುರು ಮಾಡೋಣ. ಸಿಹಿನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಚಳಿಗಾಲ ಕಳೆದ ಮೇಲೆ ಬಿಸಿಲು ಮೇಲ್ನೀರನ್ನು 2ರಿಂದ 3ಕ್ಕೆ, 3ರಿಂದ 4ಕ್ಕೆ ಏರಿಸಿದಂತೆಲ್ಲ ಆ ನೀರು ತಳಕ್ಕಿಳಿಯುತ್ತದೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಹೀಗೆ ಇಡೀ ಆಳ 4 ಡಿಗ್ರಿ ಮುಟ್ಟುವ ತನಕ ಮೇಲ್ಮೈ ಬೆಚ್ಚಗಾಗುವುದಿಲ್ಲ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಅತಿ ಆಳದ ಜಾಗ 406 ಮೀಟರ್. ಅದರ ನಡುಭಾಗ ಜೂನ್‌ನಲ್ಲೂ 4 ಡಿಗ್ರಿಯ ಹತ್ತಿರವೇ ಇರುತ್ತದೆ. ಸರಾಸರಿ 19 ಮೀಟರ್ ಆಳದ ಈರಿ ಸರೋವರ ಅಷ್ಟು ಹೊತ್ತಿಗೆ ಈಜುವಷ್ಟು ಬೆಚ್ಚಗಾಗಿರುತ್ತದೆ. ನಿಮ್ಮ ಸರೋವರದಲ್ಲೂ ದಡದ ಕಡೆ ಆಳ ಕಡಿಮೆ, ಅದಕ್ಕೇ 7 ಡಿಗ್ರಿ. ದಡದ ಬೆಚ್ಚನೆಯ ನೀರೂ ನಡುವಿನ ತಣ್ಣೀರೂ ಕೂಡುವ ಗಡಿಗೆ ಥರ್ಮಲ್ ಬಾರ್ ಎನ್ನುತ್ತಾರೆ. ಎರಡೂ ಬೆರೆತು 4 ಡಿಗ್ರಿಯಾದ ನೀರು ಅಲ್ಲಿ ಕೆಳಕ್ಕಿಳಿಯುವುದರಿಂದ ನೊರೆ, ಕಸಕಡ್ಡಿ ಒಂದು ಗೆರೆಯಾಗಿ ಸೇರಿಕೊಳ್ಳುವುದುಂಟು. ಆ ಗೆರೆ ಕಂಡರೆ ಗುರುತಿಟ್ಟುಕೊಳ್ಳಿ: ಅದರಾಚೆ ಇರುವುದು ಚಳಿಗಾಲದ ನೀರೇ.

ಈಗ ಗಾಳಿಯ ವಿಷಯ. 20 ಡಿಗ್ರಿಯ ಹವೆ 5 ಡಿಗ್ರಿಯ ನೀರಿನ ಮೇಲೆ ಬಂದಾಗ ಅದರ ಕೆಳಪದರ ತಣ್ಣಗಾಗಿ, ಭಾರವಾಗಿ ನೀರಿಗೆ ಅಂಟಿಕೊಂಡು ಕೂರುತ್ತದೆ. ಮೇಲಿನ ಗಾಳಿ ಈ ತಣ್ಣನೆಯ ಚಾಪೆಯ ಮೇಲೆ ಜಾರಿಹೋಗುತ್ತದೆ. ನೀರು ಕನ್ನಡಿಯಂತಿರುವಾಗಲೂ ಮಾಸ್ಟ್ ತುದಿಯ ಗಾಳಿಸೂಚಕ ಒಂದೇ ದಿಕ್ಕಿಗೆ ನೆಟ್ಟಗೆ ನಿಂತಿದ್ದರೆ, ಅದರ ದಿಕ್ಕು ಡೆಕ್ ಮೇಲೆ ಕೆನ್ನೆಗೆ ತಾಗುವ ಗಾಳಿಗಿಂತ 20–30 ಡಿಗ್ರಿ ಬೇರೆಯಿದ್ದರೆ, ಪದರ ಇದೆ ಎಂದೇ ತಿಳಿಯಿರಿ. ಬೂದಿ ಮುಚ್ಚಿದ ಕೆಂಡದ ಹಾಗೆ. ಇಂಥ ಹೊತ್ತಿನಲ್ಲಿ ಹಾಯಿಯ ಕೆಳಭಾಗ ಸರಿಹೊಂದಿಸಿದರೆ ಮೇಲ್ಭಾಗ ಹೊಂದುವುದಿಲ್ಲ. ವ್ಯಾಂಗ್ (ಹಾಯಿಯ ಕೆಳಗಿನ ಅಡ್ಡಗೋಲಾದ ಬೂಮ್ ಅನ್ನು ಕೆಳಕ್ಕೆ ಎಳೆದಿಡುವ ಹಗ್ಗ) ಸಡಿಲಿಸಿ ಹಾಯಿಯ ಮೇಲ್ತುದಿ ಸಾಕಷ್ಟು ತಿರುಚಿಕೊಳ್ಳಲು ಬಿಡಿ.

ಆ ಪದರ ಒಡೆಯುವ ಬಗೆಗಳು ಮುಖ್ಯವಾಗಿ ಮೂರು. ಒಂದು, ಗಾಳಿ ನೆಲದ ಕಡೆಯಿಂದ ನೀರಿಗೆ ಬೀಸುವಾಗ. ಬಿಸಿಲಿಗೆ ಕಾದ ನೆಲದ ಮೇಲೆ ಮೇಲಿನ ಗಾಳಿ ಚೆನ್ನಾಗಿ ಕೆಳಗೆ ಬೆರೆತಿರುತ್ತದೆ. ದಡ ಬಿಟ್ಟ ಮೊದಲ ಕೆಲವು ಕಿ.ಮೀ. ತನಕ ಆ ಹೊಡೆತಗಳು ಹಾಗೇ ಬರುತ್ತವೆ, ಮುಂದೆ ಹೋದಂತೆ ಸತ್ತುಹೋಗುತ್ತವೆ. ಎರಡು, ಶೀತಮುಖ (ಬೆಚ್ಚನೆಯ ಹವೆಯನ್ನು ತಳ್ಳಿಕೊಂಡು ಬರುವ ತಣ್ಣನೆ ಹವೆಯ ಅಂಚು) ದಾಟಿ ಹಿಂದಿನ ತಣ್ಣನೆಯ ಹವೆ ಬಂದಾಗ. ಹವೆ ನೀರಿಗಿಂತ ತಣ್ಣಗಿದ್ದರೆ ಚಾಪೆಯೇ ಇರುವುದಿಲ್ಲ, ಮೇಲಿನ ಗಾಳಿ ಪೂರ್ತಿ ನೀರಿಗೆ ಇಳಿಯುತ್ತದೆ. ಮೂರನೆಯದು ಗುಡುಗುಮಳೆಯ ಮುಂದೆ ನುಗ್ಗುವ ತಣ್ಣನೆ ಗಾಳಿ. ನಿಮ್ಮ 4 ನಾಟ್ ಒಂದು ಗಂಟೆಯಲ್ಲಿ 22 ಆಗುವುದು ಹೆಚ್ಚಾಗಿ ಎರಡನೆಯದರಿಂದ ಇಲ್ಲವೇ ಮೂರನೆಯದರಿಂದ.

ಆದ್ದರಿಂದ ಹೊರಡುವ ಮುನ್ನ ಗಾಳಿಯ ಅಂಕಿಯ ಜೊತೆ ಹವೆಯ ಉಷ್ಣತೆ, ನೀರಿನ ಉಷ್ಣತೆ ಎರಡನ್ನೂ ಗಂಟೆಗಂಟೆಗೆ ಬರೆದಿಟ್ಟುಕೊಳ್ಳಿ. ಹವೆ ನೀರಿಗಿಂತ ಬಹಳ ಬೆಚ್ಚಗಿರುವ ಗಂಟೆಗಳಲ್ಲಿ ಮುನ್ಸೂಚನೆಗಿಂತ ಕಡಿಮೆ ಸಿಗುತ್ತದೆ. ಹವೆ ದಿಢೀರನೆ ಇಳಿಯುವ ಗಂಟೆ ಯಾವುದೋ ಆ ಗಂಟೆಯಲ್ಲಿ ಪೂರ್ತಿ ಗಸ್ಟ್ ಸಿಗುತ್ತದೆ. ಬರೆದಿರುವ ಗಾಳಿ 10 ಮೀಟರ್ ಎತ್ತರದ ಸರಾಸರಿ ಎಂಬುದೂ ನೆನಪಿರಲಿ. ನೀವು ಹಾಯಿ ಕಟ್ಟುವುದು ಗಸ್ಟ್ ಅಂಕಿಗೆ, ಸರಾಸರಿಗಲ್ಲ.

ಸರೋವರದ ತಂಗಾಳಿಯ ಲೆಕ್ಕ ಬೇರೆ. ಒಟ್ಟಾರೆ ಗಾಳಿ ದುರ್ಬಲವಾಗಿರುವ ಬಿಸಿಲಿನ ದಿನ, 10–11 ಗಂಟೆಗೆ ನೆಲ ಕಾದು, ನೀರಿನಿಂದ ದಡದ ಕಡೆಗೆ 8ರಿಂದ 15 ನಾಟ್ ತನಕ ಬೀಸಲು ಶುರುವಾಗಿ ಸಂಜೆಗೆ ನಿಲ್ಲುತ್ತದೆ. ದಡದ ಒಳಗೆ ಹತ್ತಿಯುಂಡೆಯಂಥ ಮೋಡಗಳ ಸಾಲು, ನೀರಿನ ಮೇಲೆ ಬರೀ ನೀಲಿ ಆಕಾಶ ಕಂಡರೆ ಅದೇ ಎಂದು ಖಾತ್ರಿ. ಇದು ದಡದ ಬಳಿಯ ಗಾಳಿ. ಇದನ್ನು ನೋಡಿ ನಡುವಿನಲ್ಲೂ 12 ನಾಟ್ ಇದೆ ಎಂದು ಹೊರಟರೆ ಸರೋವರದ ಮಧ್ಯೆ ಗಾಳಿಯಿಲ್ಲದೆ ನಿಲ್ಲಬೇಕಾಗುತ್ತದೆ.

ಮಂಜಿಗೂ ಒಂದು ನೇರ ಲೆಕ್ಕ ಉಂಟು. ಹವೆಯ ಇಬ್ಬನಿ ಬಿಂದು (ಅದರ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ) ನೀರಿನ ಉಷ್ಣತೆಗಿಂತ ಹೆಚ್ಚಿದ್ದರೆ ಮಂಜು ಕವಿಯಬಹುದು. ನೀರು 5, ಇಬ್ಬನಿ ಬಿಂದು 11 ಇದ್ದರೆ ದಡದಲ್ಲಿ ಎಷ್ಟೇ ಬಿಸಿಲಿರಲಿ, ಕಂಪಾಸ್, ಜಿಪಿಎಸ್, ಮಂಜಿನ ಹಾರ್ನ್ ಇಲ್ಲದೆ ಹೊರಡಬೇಡಿ. 10 ನಾಟ್ ಗಾಳಿ ಬಂದರೂ ಈ ಮಂಜು ಚೆದುರುವುದಿಲ್ಲ, ಯಾಕೆಂದರೆ ಅದನ್ನು ತಂದದ್ದೇ ಗಾಳಿ.

ರೀಫ್_ಸಾಲು

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಮೇಲೆ ಹೇಳಿದ ಉಷ್ಣತೆಯ ಇಳಿತ ಆ ದಿನದ ಪಟ್ಟಿಯಲ್ಲಿದ್ದರೆ ಮೊದಲ ರೀಫ್ ಅನ್ನು ದೋಣಿಕಟ್ಟೆಯಲ್ಲೇ ಕಟ್ಟಿ. ನಾಟ್ ಎಣಿಸುತ್ತಾ ಕೂರಬೇಡಿ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12ರಿಂದ 22 ನಾಟ್ ಅಂದರೆ ಹೆಚ್ಚೂಕಮ್ಮಿ 3.4 ಪಟ್ಟು ಒತ್ತಡ. ಸಾಲದ್ದಕ್ಕೆ 5 ಡಿಗ್ರಿಯ ಹವೆ 25 ಡಿಗ್ರಿಯ ಹವೆಗಿಂತ ಸುಮಾರು 7 ಪ್ರತಿಶತ ಸಾಂದ್ರ, ಅದೇ ನಾಟ್‌ಗೆ ಅಷ್ಟು ಹೆಚ್ಚು ತಳ್ಳುತ್ತದೆ. ಉಷ್ಣತೆ ಸ್ಥಿರವಾಗಿರುವ ದಿನ ನಿಮ್ಮ ಅಳತೆಯ ದೋಣಿಗೆ 15 ನಾಟ್ ಸುಮಾರಿಗೆ ಮೊದಲ ರೀಫ್, 20ಕ್ಕೆ ಎರಡನೆಯದು. ಅಂಕಿಗಿಂತ ದೋಣಿಯೇ ಚೆನ್ನಾಗಿ ಹೇಳುತ್ತದೆ: 20 ಡಿಗ್ರಿಗಿಂತ ಹೆಚ್ಚು ವಾಲಿ, ನೇರ ಹೋಗಲು ಚುಕ್ಕಾಣಿಯ ಹಿಡಿಯನ್ನು ಗಾಳಿ ಬರುವ ಕಡೆಗೆ ಎಳೆದು ಹಿಡಿಯಬೇಕಾಗುತ್ತಿದ್ದರೆ ಆಗಲೇ ತಡವಾಗಿದೆ. ವಾಲಿದ ದೋಣಿಯಲ್ಲಿ ಚುಕ್ಕಾಣಿ ಬ್ರೇಕ್‌ನಂತೆ ನೀರನ್ನು ತಡೆಯುತ್ತಿರುತ್ತದೆ. ರೀಫ್ ಕಟ್ಟಿದರೆ ವೇಗ ಹೆಚ್ಚುವುದೇ ಜಾಸ್ತಿ.

ಕಟ್ಟುವ ಕ್ರಮ ತಪ್ಪಿದರೆ ಹಾಯಿ ಹರಿಯುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಜಿಬ್‌ನ ಬಲದಲ್ಲೇ ನಿಧಾನವಾಗಿ ಗಾಳಿಗೆ ಹತ್ತಿರದ ದಿಕ್ಕಿನಲ್ಲಿ ಸಾಗುತ್ತಿರಿ. ಮೊದಲು ಮೇನ್‌ಶೀಟ್ (ಮುಖ್ಯ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಸಡಿಲಿಸಿ, ಹಾಯಿ ಪಟಪಟ ಬಡಿಯಲಿ. ಆಮೇಲೆ ವ್ಯಾಂಗ್ ಪೂರ್ತಿ ಬಿಡಿ. ತುಂಬ ಜನ ಮರೆಯುವುದು ಇದನ್ನೇ. ವ್ಯಾಂಗ್ ಬಿಗಿಯಾಗಿದ್ದರೆ ಬೂಮ್ ಮೇಲೇಳುವುದಿಲ್ಲ, ಕ್ಲೂ (ಹಾಯಿಯ ಹಿಂದಿನ ಮೂಲೆ) ಹಗ್ಗ ಎಷ್ಟು ಎಳೆದರೂ ಬರುವುದಿಲ್ಲ, ಸಿಟ್ಟಿನಲ್ಲಿ ವಿಂಚ್ ತಿರುಗಿಸಿದರೆ ಬಟ್ಟೆ ಸೀಳುತ್ತದೆ. ಬೂಮ್ ಕೆಳಗೆ ಬೀಳದಂತೆ ಟಾಪಿಂಗ್ ಲಿಫ್ಟ್ (ಮಾಸ್ಟ್ ತುದಿಯಿಂದ ಬರುವ ಹಗ್ಗ) ಹಿಡಿದಿರಲಿ. ಈಗ ಹ್ಯಾಲ್ಯಾರ್ಡ್ (ಹಾಯಿ ಏರಿಸಿಳಿಸುವ ಹಗ್ಗ) ಅನ್ನು ಗುರುತಿನ ತನಕ ಇಳಿಸಿ. ಗುರುತು ಇಲ್ಲದಿದ್ದರೆ ಗಾಳಿಯಿಲ್ಲದ ದಿನ ಕಟ್ಟೆಯಲ್ಲಿ ಎರಡೂ ರೀಫ್ ಕಟ್ಟಿ ನೋಡಿ, ಹ್ಯಾಲ್ಯಾರ್ಡ್ ಕ್ಲಚ್ (ಹಗ್ಗ ಕಚ್ಚಿ ಹಿಡಿಯುವ ಸಾಧನ) ದಾಟುವ ಜಾಗದಲ್ಲಿ ಬಣ್ಣದ ದಾರ ಹೊಲಿದಿಡಿ. ಟೇಪ್ ಸುತ್ತಿದರೆ ನೆನೆದು ಬಿಚ್ಚಿಕೊಳ್ಳುತ್ತದೆ. ಮುಂದಿನ ಉಂಗುರವನ್ನು ಬೂಮ್ ಬುಡದ ಕೊಕ್ಕೆಗೆ ಸಿಕ್ಕಿಸಿ, ಹ್ಯಾಲ್ಯಾರ್ಡ್ ಮತ್ತೆ ಬಿಗಿಯಾಗಿ ಎತ್ತಿ, ಲಫ್ (ಹಾಯಿಯ ಮುಂದಿನ ಅಂಚು) ಉದ್ದಕ್ಕೂ ನೆಟ್ಟಗೆ ಒಂದು ಮಡಿಕೆ ಕಾಣುವಷ್ಟು. ಇದಾದ ಮೇಲೆ ಮಾತ್ರ ಹಿಂದಿನ ಕ್ಲೂ ಹಗ್ಗ ಎಳೆಯಿರಿ, ಉಂಗುರ ಬೂಮ್‌ಗೆ ಮುಟ್ಟುವ ತನಕ. ಅರ್ಧಕ್ಕೆ ಬಿಟ್ಟರೆ ಹಾಯಿ ಜೋಳಿಗೆಯಂತೆ ಉಬ್ಬಿ, ಚಿಕ್ಕದಾಗಿಯೂ ಮೊದಲಿನಷ್ಟೇ ವಾಲಿಸುತ್ತದೆ. ಕೊನೆಗೆ ಮೇನ್‌ಶೀಟ್, ವ್ಯಾಂಗ್. ನಡುವಿನ ಸಣ್ಣ ದಾರಗಳು ಜೋತ ಬಟ್ಟೆಯನ್ನು ಸುತ್ತಿಡಲು ಮಾತ್ರ. ಅವುಗಳ ಮೇಲೆ ಭಾರ ಬಿದ್ದರೆ ಆ ರಂಧ್ರಗಳ ಸಾಲಿನಲ್ಲೇ ಹಾಯಿ ಹರಿಯುತ್ತದೆ. ರೀಫ್ ಬಿಚ್ಚುವಾಗ ಮೊದಲು ಬಿಚ್ಚಬೇಕಾದ್ದೂ ಅವನ್ನೇ.

ಇಬ್ಬರಿಗೆ ಇದು ಎರಡು ನಿಮಿಷದೊಳಗೆ ಆಗಬೇಕು. ಆಗದಿದ್ದರೆ ಕಟ್ಟೆಯಲ್ಲಿ ಹತ್ತು ಸಲ ಮಾಡಿ. ಬೆರಳು ಮರಗಟ್ಟಿದ ಮೇಲೆ ಅದೇ ಕೆಲಸಕ್ಕೆ ಎರಡರಷ್ಟು ಹೊತ್ತು ಬೇಕು.

ಅಲೆಗಳ ಬಗ್ಗೆ. 20 ನಾಟ್ ಗಾಳಿ ನಿಮ್ಮ 40 ಕಿ.ಮೀ. ಅಗಲಕ್ಕೆ ಅಡ್ಡಲಾಗಿ ಕೆಲವು ಗಂಟೆ ಬೀಸಿದರೆ ಎದುರು ದಡದ ಬಳಿ ಅಲೆ ಸುಮಾರು 1 ಮೀಟರ್, ಎರಡು ಅಲೆಗಳ ನಡುವೆ 4 ಸೆಕೆಂಡ್. ಅಂದರೆ ತುದಿಯಿಂದ ತುದಿಗೆ 25 ಮೀಟರ್. ನಿಮ್ಮ ದೋಣಿ ಒಂದು ಅಲೆಯಿಂದ ಸುಧಾರಿಸಿಕೊಳ್ಳುವ ಮುನ್ನ ಮುಂದಿನದು ಮೂತಿಗೆ ಬಡಿಯುತ್ತದೆ. ನಡುನಡುವೆ ಒಂದೊಂದು ಅಲೆ ಇದರ ಎರಡರಷ್ಟೂ ಬರುತ್ತದೆ. ಅದೇ ಗಾಳಿ 30 ನಾಟ್ ಆಗಿ 120 ಕಿ.ಮೀ. ಉದ್ದಕ್ಕೂ ಬೀಸಿದರೆ 2.5 ಮೀಟರ್ ದಾಟುತ್ತದೆ. ಗಾಳಿಯ ದಿಕ್ಕು ಸರೋವರದ ಉದ್ದಕ್ಕೆ ತಿರುಗುವ ದಿನ ಹೊರಡದಿರುವುದೇ ಸರಿ. ಔಟ್‌ಬೋರ್ಡ್ ಇದೆ ಎಂಬ ಧೈರ್ಯ ಬೇಡ. ಇಂಥ ಗಿಡ್ಡ ಅಲೆಯಲ್ಲಿ ಹಿಂಭಾಗ ಎದ್ದಾಗಲೆಲ್ಲ ಪ್ರೊಪೆಲರ್ ನೀರಿನಿಂದ ಹೊರಬಂದು ಬರೀ ಗಾಳಿ ಕಡೆಯುತ್ತದೆ. ಚಿಕ್ಕದಾಗಿಸಿದ ಹಾಯಿಯೇ ನಿಮ್ಮ ಎಂಜಿನ್.

ದೂರದ ಬಗ್ಗೆ ನನ್ನ ಅಭಿಪ್ರಾಯ: ನೀರು 10 ಡಿಗ್ರಿ ದಾಟುವವರೆಗೆ ದಡದಿಂದ 2 ಕಿ.ಮೀ. ಒಳಗೇ ಇರಿ.

ಎಳೆಗಾಳಿ

ಗಾಳಿ ಮತ್ತು ರೀಫ್ ಸ್ಪಷ್ಟವಾಯಿತು. ಉಡುಪಿನ ಬಗ್ಗೆ ಇನ್ನೊಂದು ಪ್ರಶ್ನೆ. ಹವೆ 20 ಡಿಗ್ರಿ ಇರುವಾಗ ಡ್ರೈಸೂಟ್ (ನೀರು ಒಳನುಗ್ಗದ ಇಡೀ ಮೈಯುಡುಪು) ಹಾಕಿದರೆ ಬೆವರಿ ತೊಪ್ಪೆಯಾಗುತ್ತದೆ. ಕೀಲ್ ಇರುವ ದೋಣಿ ಸುಲಭಕ್ಕೆ ಮಗುಚುವುದೂ ಇಲ್ಲ. ವೆಟ್‌ಸೂಟ್ (ಒದ್ದೆಯಾದರೂ ಬೆಚ್ಚಗಿಡುವ ರಬ್ಬರ್ ಉಡುಪು), ಇಲ್ಲವೇ ಮಳೆಯಂಗಿ ಮತ್ತು ಲೈಫ್‌ಜಾಕೆಟ್ ಸಾಕಾಗುವುದಿಲ್ಲವೇ?

ತಣ್ಣೀರು_ಎಚ್ಚರ

ಉಡುಪು ನೀರಿನ ಉಷ್ಣತೆಗೆ, ಹವೆಗಲ್ಲ. ದೋಣಿ ಮಗುಚಬೇಕಾಗಿಯೂ ಇಲ್ಲ, ಮೇಲೆ ಹೇಳಿದ ರೀಫ್ ಕಟ್ಟಲು ಮಾಸ್ಟ್ ಬುಡಕ್ಕೆ ಹೋದಾಗ ಒಬ್ಬರ ಕಾಲು ಜಾರಿದರೆ ಸಾಕು.

5 ಡಿಗ್ರಿ ನೀರಿಗೆ ಬಿದ್ದಾಗ ಆಗುವುದನ್ನು 1–10–1 ಎಂದು ನೆನಪಿಡಿ. ಮೊದಲ 1 ನಿಮಿಷ ಉಸಿರು ನಿಮ್ಮ ಹಿಡಿತದಲ್ಲಿರುವುದಿಲ್ಲ. ಬಿದ್ದ ಕ್ಷಣ ಬಾಯಿ ತಾನಾಗಿ ತೆರೆದು ಜೋರಾಗಿ ಉಸಿರೆಳೆಯುತ್ತದೆ. ಆಗ ಮುಖ ನೀರೊಳಗಿದ್ದರೆ ಎಳೆಯುವುದು ನೀರನ್ನು. ಚೆನ್ನಾಗಿ ಈಜು ಬಲ್ಲವರೂ ದೋಣಿಯ ಪಕ್ಕದಲ್ಲೇ ಮುಳುಗುವುದು ಹೀಗೆ. ಮುಂದಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ, ಆಮೇಲೆ ಬೆರಳು ಹಗ್ಗ ಹಿಡಿಯುವುದಿಲ್ಲ, ಏಣಿ ಹತ್ತಲಾಗುವುದಿಲ್ಲ. ಸುಮಾರು 1 ಗಂಟೆಗೆ ದೇಹ ತಣ್ಣಗಾಗಿ ಪ್ರಜ್ಞೆ ಹೋಗುತ್ತದೆ. ಲೈಫ್‌ಜಾಕೆಟ್ ಇಲ್ಲದವರು ಈ ಕೊನೆಯ ಘಟ್ಟಕ್ಕೆ ತಲುಪುವುದೇ ಅಪರೂಪ. ಅದಕ್ಕೇ ಲೈಫ್‌ಜಾಕೆಟ್ ಕಟ್ಟೆಯಲ್ಲೇ ಮೈಮೇಲೆ ಬರಬೇಕು. ಬಿದ್ದ ಮೇಲೆ ಹಾಕಿಕೊಳ್ಳಲು ಆಗುವುದಿಲ್ಲ.

10 ಡಿಗ್ರಿಗಿಂತ ಕೆಳಗೆ ಡ್ರೈಸೂಟ್ ಎನ್ನುವುದು ನನ್ನ ಗಟ್ಟಿ ನಿಲುವು. ಆದರೆ ಡ್ರೈಸೂಟ್ ಒಣಗಿಡುತ್ತದೆಯೇ ಹೊರತು ಬೆಚ್ಚಗಿಡುವುದಿಲ್ಲ. ಒಳಗೆ ಉಣ್ಣೆ ಅಥವಾ ಫ್ಲೀಸ್ ಬೇಕು, ಹತ್ತಿ ಬೇಡವೇ ಬೇಡ. ಬೆವರಿನ ಸಮಸ್ಯೆಗೆ ಉಸಿರಾಡುವ ಬಟ್ಟೆಯ ಸೂಟ್, ಒಳಗೆ ಒಂದೇ ತೆಳು ಪದರ, ಹೊರಡುವ ತನಕ ಮುಂದಿನ ಜಿಪ್ ತೆರೆದಿಡುವುದು. ಹೊರಡುವಾಗ ಜಿಪ್‌ನ ಕೊನೆಯ ಹಲ್ಲಿನ ತನಕ ಮುಚ್ಚಿದೆಯೇ ಎಂದು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಬೇಕು. ಜಿಪ್ ಹಾಕಿದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕತ್ತಿನ ಪಟ್ಟಿಯನ್ನು ಬೆರಳಿಂದ ಬಿಡಿಸಿ ಒಳಗಿನ ಗಾಳಿ ಹೊರಗೆ ಬಿಡಿ. ಇಲ್ಲದಿದ್ದರೆ ನೀರಲ್ಲಿ ಗಾಳಿಯೆಲ್ಲ ಕಾಲಿನ ಕಡೆ ಸೇರಿ ಕಾಲು ಮೇಲಾಗುತ್ತದೆ. ಕತ್ತು, ಮಣಿಕಟ್ಟಿನ ಲೇಟೆಕ್ಸ್ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಹಿಗ್ಗಿಸಿ. ಜೇಡರಬಲೆಯಂಥ ಸಣ್ಣ ಬಿರುಕು ಕಂಡರೆ ಬದಲಿಸುವ ಕಾಲ ಬಂದಿದೆ. 5 ಮಿ.ಮೀ. ವೆಟ್‌ಸೂಟ್ ಮಳೆಯಂಗಿಗಿಂತ ಎಷ್ಟೋ ವಾಸಿ, ಆದರೆ ಗಾಳಿಯಲ್ಲಿ ಒದ್ದೆಯಾಗಿ ಕೂತು ಗಂಟೆಗಟ್ಟಲೆ ದೋಣಿ ನಡೆಸಲು ಅದು ತಕ್ಕದ್ದಲ್ಲ.

ಗಾಳಿ ತುಂಬುವ ಲೈಫ್‌ಜಾಕೆಟ್ ಚಳಿಗಾಲವಿಡೀ ಕಪಾಟಿನಲ್ಲಿದ್ದರೆ ಹಾಗೇ ತೊಡಬೇಡಿ. ಬಿಚ್ಚಿ ಸಿಲಿಂಡರ್ ಹೊರತೆಗೆಯಿರಿ. 150 ನ್ಯೂಟನ್‌ನ ವಯಸ್ಕರ ಜಾಕೆಟ್‌ನಲ್ಲಿ ಸಾಮಾನ್ಯವಾಗಿ 33 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಸಿಲಿಂಡರ್ ಮೇಲೆ ಒಟ್ಟು ತೂಕ ಒತ್ತಿರುತ್ತಾರೆ; ಗ್ರಾಂ ತಕ್ಕಡಿಯಲ್ಲಿ ತೂಗಿ, ಅದಕ್ಕಿಂತ ಕಡಿಮೆ ಬಂದರೆ ಬದಲಿಸಿ. ತುಕ್ಕು ಹಿಡಿದಿದ್ದರೂ ಬದಲಿಸಿ. ಬಾಯಿಯಿಂದ ಊದಿ 24 ಗಂಟೆ ಬಿಟ್ಟು, ಮೆತ್ತಗಾಗಿಲ್ಲವೇ ನೋಡಿ. ನೀರು ತಾಗಿದಾಗ ತಾನೇ ತೆರೆಯುವ ಭಾಗಕ್ಕೆ ಅವಧಿ ದಿನಾಂಕ ಇರುತ್ತದೆ. ಸಿಲಿಂಡರ್ ಕೈಯಿಂದ ಕೊನೆತನಕ ತಿರುಗಿಸಿ ಬಿಗಿ ಮಾಡಿ. ಅಲುಗಾಟಕ್ಕೆ ಅದು ಅರ್ಧ ಸುತ್ತು ಸಡಿಲವಾದರೂ ಸೂಜಿ ತೂತು ಮಾಡದೆ ಹೋಗಬಹುದು. ತೊಡೆಸಂದಿನ ಪಟ್ಟಿ ಕಟ್ಟದಿದ್ದರೆ ಜಾಕೆಟ್ ಮಾತ್ರ ಮೇಲೇರಿ, ಮನುಷ್ಯ ಅದರೊಳಗೆ ಜಾರುತ್ತಾನೆ.

ಇಬ್ಬರ ದೋಣಿಯಲ್ಲಿ ಒಬ್ಬರು ಬಿದ್ದರೆ ಉಳಿಯುವುದು ಒಬ್ಬರೇ, ಕೈಯಲ್ಲಿರುವುದು 10 ನಿಮಿಷ. ನೀರಲ್ಲಿರುವವರು ತಾವೇ ಹತ್ತುತ್ತಾರೆ ಎಂದು ಎಣಿಸದೆ ಎತ್ತುವ ಏರ್ಪಾಡು ಮೊದಲೇ ಇರಬೇಕು. ನಾಲ್ಕು ಪಟ್ಟಿನ ಒಂದು ರಾಟೆಜೋಡಿ, ಅದರ ಮೇಲ್ಕೊಕ್ಕೆ ಹ್ಯಾಲ್ಯಾರ್ಡ್‌ಗೆ ಸಿಕ್ಕುವಂತೆ. ಪಕ್ಕದ ಲೈಫ್‌ಲೈನ್ (ಡೆಕ್ ಅಂಚಿನ ತಡೆತಂತಿ) ತಟ್ಟನೆ ಬಿಚ್ಚುವಂತೆ. ನೀರಿನಿಂದಲೇ ಎಳೆದು ಬಿಡಿಸಬಹುದಾದ, ನೀರೊಳಗೆ ಎರಡು ಮೆಟ್ಟಿಲು ಇಳಿಯುವ ಏಣಿ. 15 ಮೀಟರ್‌ನ ಎಸೆಯುವ ಹಗ್ಗ. ಸಾಧ್ಯವಾದರೆ ಮಂಡಿಯ ಕೆಳಗೆ ಇನ್ನೊಂದು ಪಟ್ಟಿ ಹಾಕಿ ಮಲಗಿದಂತೆ ಎತ್ತಿ. ಬಹಳ ಹೊತ್ತು ತಣ್ಣೀರಲ್ಲಿದ್ದವರನ್ನು ನೇರ ನಿಂತಂತೆ ಎತ್ತಿದಾಗ ರಕ್ತದೊತ್ತಡ ಕುಸಿಯುತ್ತದೆ. ಎತ್ತಿದ ಮೇಲೆ ಮಲಗಿಸಿ, ಒದ್ದೆ ತೆಗೆದು ಸುತ್ತಿ. ಕೈಕಾಲು ಉಜ್ಜಬೇಡಿ, ನಡೆಸಬೇಡಿ. ವಿಎಚ್‌ಎಫ್ ರೇಡಿಯೊ ಕ್ಯಾಬಿನ್‌ನಲ್ಲಿದ್ದರೆ ಬಿದ್ದವರಿಗೆ ಉಪಯೋಗವಿಲ್ಲ, ಇಬ್ಬರ ಎದೆಯ ಮೇಲೂ ಒಂದೊಂದು ಇರಲಿ. ಎಲ್ಲಕ್ಕಿಂತ ಮೊದಲು, ಎದೆಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡು ಬೀಳದಂತೆ ನೋಡಿಕೊಳ್ಳಿ. 1 ಮೀಟರ್ ಹಗ್ಗ, 2 ಮೀಟರ್‌ನದ್ದಲ್ಲ. 2 ಮೀಟರ್‌ನಲ್ಲಿ ದೋಣಿಯ ಪಕ್ಕ ನೀರಲ್ಲಿ ಎಳೆಸಿಕೊಂಡು ಹೋಗುತ್ತೀರಿ.

ಒತ್ತಡಮಾಪಕ

ರೀಫ್_ಸಾಲು ಹೇಳಿದ "2 ಕಿ.ಮೀ. ಒಳಗೆ" ಎಂಬುದನ್ನು ಒಪ್ಪುತ್ತೇನೆ, ಆದರೆ ಯಾವ ದಡ ಎಂದು ಹೇಳದೆ ಬಿಟ್ಟರೆ ಅದು ಅಪಾಯಕ್ಕೇ ದಾರಿ. ಗಾಳಿ ನಿಮ್ಮನ್ನು ತಳ್ಳುವ ದಡದಿಂದ 2 ಕಿ.ಮೀ. ಅಂದರೆ ಹಾಯಿ ಹರಿದರೆ, ಎಂಜಿನ್ ನಿಂತರೆ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಲ್ಲಿನ ಮೇಲೆ. ಗಾಳಿ ಹೊರಡುವ ದಡದ ಬಳಿ ಅಲೆ ಇರುವುದಿಲ್ಲ, ಹಿಂತಿರುಗಲು ಮಾತ್ರ ಗಾಳಿಗೆದುರು ಏರಬೇಕು. ನಾನು ಎರಡನೆಯದನ್ನೇ ಆರಿಸುತ್ತೇನೆ. ಆದರೆ ದಿನದ ನಡುವೆ ಗಾಳಿ ತಿರುಗಿದರೆ ಈ ದಡಗಳು ಅದಲುಬದಲಾಗುತ್ತವೆ. ಹಾಗಾಗಿ ತಿರುಗುವ ಗಂಟೆ ತಿಳಿಯುವುದೇ ಮುಖ್ಯ.

ಉತ್ತರಾರ್ಧಗೋಳದಲ್ಲಿ ಶೀತಮುಖ ಬರುವ ಕ್ರಮ ಹೆಚ್ಚುಕಡಿಮೆ ಹೀಗೆ: ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ, ನೈಋತ್ಯಕ್ಕೆ ಸರಿಯುತ್ತಾ ಬಲವಾಗುತ್ತದೆ, ಹವೆ ಬೆಚ್ಚಗಾಗುತ್ತದೆ, ಒತ್ತಡ ಇಳಿಯುತ್ತದೆ. ಆಮೇಲೆ ಪಶ್ಚಿಮ-ವಾಯವ್ಯದಲ್ಲಿ ಕಪ್ಪು ಮೋಡದ ಪಟ್ಟಿ. ಅದು ತಲೆಯ ಮೇಲೆ ಬಂದಾಗ ಕೆಲವೇ ನಿಮಿಷಗಳಲ್ಲಿ ಗಾಳಿ ವಾಯವ್ಯಕ್ಕೆ ಹಾರುತ್ತದೆ, ಹವೆ ತಣ್ಣಗಾಗುತ್ತದೆ, ಒತ್ತಡ ಮೇಲಕ್ಕೆ ಜಿಗಿಯುತ್ತದೆ. ಬೇಸಿಗೆಯಂತೆ ಅನಿಸುವ ಆ ಬೆಚ್ಚನೆಯ ಮಧ್ಯಾಹ್ನವೇ ಜನರನ್ನು ನೀರಿಗೆ ಕರೆಯುವುದು, ಶೀತಮುಖ ಬರುವುದೂ ಅದರ ಬೆನ್ನಿಗೇ. ಒತ್ತಡಮಾಪಕವನ್ನು ಪ್ರತಿ ಗಂಟೆ ಬರೆದಿಡಿ. 3 ಗಂಟೆಯಲ್ಲಿ 3 ಹೆಕ್ಟೊಪಾಸ್ಕಲ್ ಇಳಿದರೆ ಆಕಾಶ ಹೇಗೇ ಇರಲಿ ತಿರುಗಿ ಬನ್ನಿ.

ಆಪ್‌ಗಳ ಹಿಂದಿರುವ ಹವಾಮಾನದ ಕಂಪ್ಯೂಟರ್ ಮಾದರಿಗಳು ನಕ್ಷೆಯನ್ನು ಚೌಕಗಳಾಗಿ ಒಡೆದು ಲೆಕ್ಕ ಹಾಕುತ್ತವೆ, ಆ ಚೌಕದ ಅಳತೆಯನ್ನೂ ನೋಡಿ. ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿ.ಮೀ., ಯುರೋಪಿನ ಇಸಿಎಂಡಬ್ಲ್ಯುಎಫ್ ಸುಮಾರು 9 ಕಿ.ಮೀ. ಅಗಲ 40 ಕಿ.ಮೀ. ಇರುವ ಸರೋವರಕ್ಕೆ ಅಡ್ಡಲಾಗಿ ಮೂರು-ನಾಲ್ಕು ಚೌಕ ಮಾತ್ರ, ಅದರಲ್ಲಿ ದಡದ ಎರಡು ಅರ್ಧ ನೆಲ ಅರ್ಧ ನೀರು. ಸರೋವರದ ತಂಗಾಳಿ ಇಷ್ಟು ಒರಟು ಬಲೆಗೆ ಸರಿಯಾಗಿ ಸಿಗುವುದಿಲ್ಲ. ನಿಮ್ಮ ಪ್ರದೇಶಕ್ಕೆ 2–3 ಕಿ.ಮೀ. ಚೌಕದ ಮಾದರಿ ಇದ್ದರೆ ಅದನ್ನು ನೋಡಿ. ಎರಡು ಮಾದರಿ ಶೀತಮುಖದ ಹೊತ್ತಿನ ಬಗ್ಗೆ ಒಪ್ಪದಿದ್ದರೆ, ಬೇಗ ಬರುತ್ತದೆ ಎನ್ನುವುದನ್ನೇ ಹಿಡಿಯಿರಿ.

ಗುಡುಗಿಗೆ ಲೆಕ್ಕ ಹೀಗೆ ಮಾಡಿ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ 3 ಸೆಕೆಂಡ್‌ಗೆ 1 ಕಿ.ಮೀ. ಗಂಟೆಗೆ 50 ಕಿ.ಮೀ. ವೇಗದ ಮಳೆ 25 ಕಿ.ಮೀ. ದೂರದಲ್ಲಿದ್ದರೆ ಅರ್ಧ ಗಂಟೆ ಇದೆ ಅನಿಸುತ್ತದೆ. ಆದರೆ ಅದರ ಮುಂದೆ ನುಗ್ಗುವ ಗಾಳಿ 10 ಕಿ.ಮೀ.ಗೂ ಮುಂದಿರಬಹುದು, ಕೈಯಲ್ಲಿ ಉಳಿಯುವುದು ಸುಮಾರು ಕಾಲು ಗಂಟೆ. 5 ನಾಟ್‌ನಲ್ಲಿ ಆ ಕಾಲು ಗಂಟೆಗೆ ನೀವು ಹೋಗುವುದು 2.3 ಕಿ.ಮೀ. ಅಷ್ಟು. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಷ್ಟು ಹತ್ತಿರ ಬಂದರು ಇಲ್ಲದಿದ್ದರೆ ಓಡಬೇಡಿ: ಮೇನ್‌ಸೈಲ್ ಪೂರ್ತಿ ಇಳಿಸಿ ಬೂಮ್‌ಗೆ ಬಿಗಿದು, ಜಿಬ್ ಸುತ್ತಿ, ಹ್ಯಾಚ್ ಮುಚ್ಚಿ, ಇರುವ ಜಾಗವನ್ನು ಬರೆದುಕೊಂಡು, ಗಾಳಿ ತಳ್ಳುವ ಕಡೆ ಸಾಕಷ್ಟು ನೀರು ಇಟ್ಟುಕೊಳ್ಳಿ. ರೇಡಾರ್ ಚಿತ್ರ ಕೆಲವು ನಿಮಿಷ ಹಳೆಯದಾಗಿರುತ್ತದೆ ಎಂಬುದು ಈ ಲೆಕ್ಕದಲ್ಲಿ ಸೇರಿರಲಿ.

ಆಯಾ ಸರೋವರದ ಎಚ್ಚರಿಕೆಯ ಭಾಷೆ ಮೊದಲೇ ಕಲಿಯಿರಿ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಅಮೆರಿಕದ ಹವಾಮಾನ ಸೇವೆ 22–33 ನಾಟ್ ಗಾಳಿ ಅಥವಾ 4 ಅಡಿ ಮೀರಿದ ಅಲೆಗೆ ಸಣ್ಣ ದೋಣಿಗಳ ಎಚ್ಚರಿಕೆ ಕೊಡುತ್ತದೆ, 34ರಿಂದ 47ಕ್ಕೆ ಗೇಲ್ (ಬಿರುಸುಗಾಳಿ) ಎಚ್ಚರಿಕೆ. ಯುರೋಪಿನ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಕಿತ್ತಳೆ ದೀಪ ನಿಮಿಷಕ್ಕೆ 40 ಸಲ ಮಿನುಗಿದರೆ ಬಲವಾದ ಗಾಳಿ, 90 ಸಲ ಮಿನುಗಿದರೆ ಬಿರುಗಾಳಿ. ಇಟಲಿಯ ಗಾರ್ಡಾ ಸರೋವರದಲ್ಲಿ ಬೆಳಿಗ್ಗೆ ಉತ್ತರದ ಪೆಲೇರ್ ಗಾಳಿ, ಮಧ್ಯಾಹ್ನ ದಕ್ಷಿಣದ ಓರಾ. ಜಿನೀವಾ ಸರೋವರಕ್ಕೆ ಜ್ಯೂರಾ ಬೆಟ್ಟದಿಂದ ಜೋರಾನ್ ಎಂಬ ಗಾಳಿ ಧುತ್ತನೆ ಇಳಿಯುತ್ತದೆ.

ಇನ್ನೊಂದು, ದಡ ಸೇರಿದ ಮೇಲೂ ಮುಗಿಯದ ವಿಷಯ: ಸೇಶ್. ಉದ್ದಕ್ಕೆ ಬೀಸಿದ ಗಾಳಿ ನೀರನ್ನು ಒಂದು ತುದಿಗೆ ಪೇರಿಸುತ್ತದೆ, ಗಾಳಿ ನಿಂತಾಗ ಅದು ತಟ್ಟೆಯಲ್ಲಿನ ನೀರಿನಂತೆ ಹಿಂದೆಮುಂದೆ ತೂಗುತ್ತದೆ. ಈರಿ ಸರೋವರದಲ್ಲಿ ಬಫಲೋ ತುದಿಗೂ ಟೊಲೀಡೊ ತುದಿಗೂ ನೀರಿನ ಮಟ್ಟ 2 ಮೀಟರ್‌ಗೂ ಹೆಚ್ಚು ವ್ಯತ್ಯಾಸವಾದದ್ದುಂಟು. 1954ರ ಜೂನ್ 26ರಂದು ಮಿಶಿಗನ್ ಸರೋವರವನ್ನು ಬಿರುಗಾಳಿಯ ಸಾಲು ದಾಟಿಹೋದ ಮೇಲೆ ತಿರುಗಿ ಬಂದ ಇಂಥ ಅಲೆ ಶಿಕಾಗೊ ದಡದಲ್ಲಿದ್ದ 8 ಜನರ ಪ್ರಾಣ ತೆಗೆಯಿತು. ದೋಣಿ ಕಟ್ಟುವ ಹಗ್ಗ ಉದ್ದವಾಗಿರಲಿ, ಕೀಲ್ ಕೆಳಗೆ ಅರ್ಧ ಮೀಟರ್ ನೀರಷ್ಟೇ ಇರುವ ಜಾಗದಲ್ಲಿ ಬಿಟ್ಟುಬರಬೇಡಿ.

ಮಾಸ್ಟ್_ತುದಿ

ಹವೆಯಷ್ಟೇ ಮುಖ್ಯ ಚಳಿಗಾಲ ಕಳೆದ ದೋಣಿ. ಹೊಸದಾಗಿ ನಿಲ್ಲಿಸಿದ ಮಾಸ್ಟ್‌ನ ತಂತಿಗಳು ಮೊದಲ ದಿನ ಸಡಿಲವಾಗುತ್ತವೆ. 10 ನಾಟ್ ಒಳಗಿನ ಗಾಳಿಯಲ್ಲಿ ಕಟ್ಟೆಯ ಹತ್ತಿರವೇ ಎರಡೂ ಬದಿ ವಾಲಿಸಿ ನೋಡಿ. 15–20 ಡಿಗ್ರಿ ವಾಲಿದಾಗ ಗಾಳಿ ಹೋಗುವ ಬದಿಯ ತಂತಿ ಜೋತಾಡುತ್ತಿದ್ದರೆ, ಬದಿ ಬದಲಿಸಿ, ಸಡಿಲವಿರುವಾಗ ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಅರ್ಧರ್ಧ ಸುತ್ತು ಬಿಗಿ ಮಾಡಿ. ಪ್ರತಿ ಟರ್ನ್‌ಬಕಲ್‌ಗೂ ಅದು ತಿರುಗದಂತೆ ಕಾಟರ್ ಪಿನ್ ಹಾಕಿ ತುದಿ ಮಡಿಸಿ, ಟೇಪ್ ಸುತ್ತಿ. ತಂತಿ ಫಿಟಿಂಗ್ ಒಳಗೆ ಹೋಗುವ ಜಾಗದಲ್ಲಿ ಬಟ್ಟೆಯಿಂದ ಒರೆಸಿ; ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಆ ತಂತಿ ಬದಲಿಸದೆ ಹೊರಡಬಾರದು.

ಮಂಜು ಕರಗಿದ ನದಿಗಳು ಮರದ ದಿಮ್ಮಿ ತರುತ್ತವೆ. ಕೆಲವು ನೆಟ್ಟಗೆ ನಿಂತು, ತುದಿ ಮಾತ್ರ ನೀರಿನ ಮಟ್ಟಕ್ಕೆ ತೇಲುತ್ತವೆ. ನದೀಮುಖದ ಬಳಿ 4 ನಾಟ್ ಮೀರಬೇಡಿ, ಕತ್ತಲಲ್ಲಿ ಹೋಗಲೇಬೇಡಿ. ದಾರಿ ತೋರುವ ಬಾಯ್‌ಗಳನ್ನು (ತೇಲುಗುರುತುಗಳನ್ನು) ಚಳಿಗಾಲಕ್ಕೆ ತೆಗೆಯುವ ಕಡೆ ಅವನ್ನು ಮತ್ತೆ ಹಾಕಿದ್ದಾರೆಯೇ ವಿಚಾರಿಸಿ.

ಎಳೆಗಾಳಿ

ಎಲ್ಲರಿಗೂ ಕೃತಜ್ಞತೆ. ಡ್ರೈಸೂಟ್ ನಿರ್ಧಾರವಾಯಿತು, ಉಷ್ಣತೆ ಇಳಿಯುವ ಗಂಟೆಗೆ ಎರಡು ಗಂಟೆ ಮುಂಚೆ ಕಟ್ಟೆಯಲ್ಲಿರುವುದು ಎಂದೂ ನಿರ್ಧಾರ. ಉಳಿದದ್ದು ಒಂದೇ: ಮೇನ್‌ಸೈಲ್ ಮೊದಲ ರೀಫ್‌ನಲ್ಲಿದ್ದಾಗ ಜಿಬ್ ಎಷ್ಟು ಸುತ್ತಬೇಕು?

ರೀಫ್_ಸಾಲು

ಜಿಬ್ ಮಾಸ್ಟ್ ದಾಟಿ ಹಿಂದೆ ಚಾಚದ ಅಳತೆಯದಾದರೆ ಮೊದಲ ರೀಫ್‌ಗೆ ಸುತ್ತುವುದೇ ಬೇಡ. ಮಾಸ್ಟ್ ದಾಟಿ ಚಾಚುವ ದೊಡ್ಡ ಜೆನೋವಾ ಆದರೆ ಮಾಸ್ಟ್ ತನಕ ಸುತ್ತಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುತ್ತಿದರೆ ಹಾಯಿಯ ಆಕಾರ ಕೆಟ್ಟು ಗಾಳಿಗೆದುರು ಏರುವುದಿಲ್ಲ. ಸುತ್ತಿದಷ್ಟೂ ಶೀಟ್‌ನ (ಹಾಯಿ ಎಳೆಯುವ ಹಗ್ಗದ) ಕಾರ್ ಅನ್ನು, ಅಂದರೆ ಅದು ಹಾದುಬರುವ ಸರಿದಾಡುವ ರಾಟೆಯನ್ನು, ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಕೆಳಅಂಚು ಬಿಗಿಯಾಗಿ ಮೇಲಂಚು ಬಡಿಯುತ್ತಿರುತ್ತದೆ.

ಫರ್ಲರ್ ಕೈಕೊಡುವುದು ಅದರ ಹಗ್ಗ ಸುತ್ತಿಕೊಳ್ಳುವ ಡ್ರಮ್‌ನಲ್ಲಿ. ಜಿಬ್ ಬಿಚ್ಚುವಾಗ ಫರ್ಲಿಂಗ್ ಹಗ್ಗವನ್ನು ಸುಮ್ಮನೆ ಬಿಟ್ಟರೆ ಅದು ಡ್ರಮ್ ಮೇಲೆ ಸಡಿಲವಾಗಿ ಸುತ್ತಿಕೊಂಡು, ಆಮೇಲೆ ಎಳೆದಾಗ ಒಂದು ಸುತ್ತು ಇನ್ನೊಂದರ ಕೆಳಗೆ ಸಿಕ್ಕಿಬೀಳುತ್ತದೆ. ಬಿಚ್ಚುವಾಗ ಕೈಯಲ್ಲಿ ಸ್ವಲ್ಪ ಬಿಗಿ ಹಿಡಿದೇ ಬಿಡಿ. ಪೂರ್ತಿ ಸುತ್ತಿದ ಮೇಲೆ ಶೀಟ್‌ಗಳೂ ಹಾಯಿಯ ಸುತ್ತ ಮೂರು ಸುತ್ತು ಬರುವಷ್ಟು ಹಗ್ಗ ಡ್ರಮ್‌ನಲ್ಲಿರಬೇಕು. ಗಟ್ಟಿ ಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ಹೆಚ್ಚು ಸುತ್ತು ಬೇಕಾಗುತ್ತದೆ, ಕಟ್ಟೆಯಲ್ಲಿ ಸರಿಹೋದ ಉದ್ದ ಅಲ್ಲಿ ಸಾಲದೆ ಬರುತ್ತದೆ. ಹೊರಡುವ ಮುನ್ನ ಡ್ರಮ್‌ಗೆ ಐದಾರು ಸುತ್ತು ಹೆಚ್ಚಿಗೆ ಹಾಕಿಡಿ.